ಕೆರೆಯ ಅಂಚಿನಲ್ಲಿ ಒಂದು ಪಾಠ

ಪರಿಸರವೆಂಬ ಶಬ್ದವು ಈಗ ಆಬಾಲವೃದ್ಧರ ಬಾಯಲ್ಲಿ ಸಂಚರಿಸುತ್ತಲಿದೆ. ಬಾಲ್ಯದಲ್ಲಿ ಅಮರಕೋಶವನ್ನು ಕಂಠಸ್ಥ ಮಾಡಿದ ನಮಗೆ ಅದು ಎಲ್ಲೆಯ ನೆಲ, ಅಂಚಿನ ಭೂಮಿ ಎಂಬ ಅರ್ಥದಲ್ಲಿಯೇ ಮೊದಲು ಪರಿಚಿತವಾದದ್ದು. ಪಾಶ್ಚಾತ್ಯರು ಇಕಾಲಜಿ ಎಂದು ಕರೆಯುವ ಶಾಸ್ತ್ರದ ಹೆಸರಿಗೆ ಮೂಲವು ಬೇರೆ. ಜರ್ಮನಿಯ ಅರ್ನ್ಸ್ಟ್ ಹೆಕೆಲ್ ಎಂಬ ಪ್ರಾಣಿಶಾಸ್ತ್ರಜ್ಞನು 1866ರಲ್ಲಿ, ಮನೆ ಎಂಬರ್ಥದ ಗ್ರೀಕ್ ಶಬ್ದದಿಂದ ಆ ಹೆಸರನ್ನು ಕಟ್ಟಿದನು. ಒಂದು ಹೆಸರು ಅಂಚನ್ನು ಹೇಳುತ್ತದೆ. ಇನ್ನೊಂದು ಮನೆಯನ್ನು ಹೇಳುತ್ತದೆ. ಗೃಹಸ್ಥರಾದ ವಾಚಕರಿಗೆ ಈ ಎರಡರ ಸಂಬಂಧವನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ. ಅಂಗಳದಾಚೆ ಸುರಿದ ಬಚ್ಚಲ ನೀರು ಸೊಳ್ಳೆಯ ರೂಪದಿಂದ ಮರಳಿ ಮನೆಯೊಳಕ್ಕೇ ಬರುವುದನ್ನು ಎಲ್ಲರೂ ಕಂಡಿರುವರಷ್ಟೆ.

ನಮ್ಮ ತಮ್ಮನ ಮಗಳು ಪರಿಸರ ಎಂಜಿನಿಯರಿಂಗ್ ವ್ಯಾಸಂಗದ ಕೊನೆಯ ವರ್ಷದಲ್ಲಿದ್ದಾಳೆ. ರಜೆಯಲ್ಲಿ ನಮ್ಮಲ್ಲಿಗೆ ಬಂದಾಗ ಅವಳ ಪುಸ್ತಕಗಳನ್ನು ನಾವೂ ತಿರುವಿಹಾಕುವುದುಂಟು. ಕೊಳಚೆ ನೀರು ಸೇರಿದ ನದಿಯಲ್ಲಿ ಆಮ್ಲಜನಕವು ಎಷ್ಟು ದೂರದಲ್ಲಿ ಕುಗ್ಗಿ, ಎಲ್ಲಿ ಮತ್ತೆ ಏರುವುದೆಂಬುದಕ್ಕೆ ಒಂದು ಸಮೀಕರಣವಿದೆ. ಅಮೆರಿಕದ ಒಹಾಯೊ ನದಿಯನ್ನು ಪರೀಕ್ಷಿಸಿ ಸ್ಟ್ರೀಟರ್, ಫೆಲ್ಪ್ಸ್ ಎಂಬಿಬ್ಬರು 1925ರಲ್ಲಿ ಅದನ್ನು ಪ್ರಕಟಿಸಿದರು. ಕೊಳಚೆಗೆ ಗಾಳಿಯೂಡಿ, ಅದರ ಕೆಸರಿನಲ್ಲಿರುವ ಸೂಕ್ಷ್ಮಜೀವಿಗಳಿಂದಲೇ ಅದನ್ನು ಶುದ್ಧಿಗೊಳಿಸುವ ಕ್ರಮವನ್ನು ಮ್ಯಾಂಚೆಸ್ಟರಿನ ಆರ್ಡರ್ನ್, ಲಾಕೆಟ್ ಎಂಬವರು 1914ರಲ್ಲಿಯೇ ತೋರಿಸಿದ್ದರು. ಹೀಗೆ ಈ ವಿದ್ಯೆಯಲ್ಲಿ ಯಂತ್ರವು ನೆಪಮಾತ್ರ, ದುಡಿಯತಕ್ಕವು ಜೀವಿಗಳೇ. ಆದರೂ ವಿದ್ಯಾರ್ಥಿಗಳು ಅವುಗಳನ್ನು ಜೀವಿಗಳೆಂದು ಕಾಣದೆ, ಸೂತ್ರದೊಳಗಿನ ಅಕ್ಷರಗಳೆಂದೇ ಎಣಿಸಿ ಪರೀಕ್ಷೆಯನ್ನು ದಾಟಿಬಿಡುವರು. ವ್ಯಾಕರಣವನ್ನು ಮಾತ್ರ ಓದಿ ಕಾವ್ಯವನ್ನು ಕೈಯಿಂದ ಮುಟ್ಟದ ಶಿಷ್ಯರನ್ನು ಮೂವತ್ತು ವರ್ಷ ಕಂಡ ನಮಗೆ ಇದು ಹೊಸದಾಗಿ ತೋರಲಿಲ್ಲ.

ಕಳೆದ ಬೇಸಿಗೆಯಲ್ಲಿ ಅವಳೂ ಅವಳ ಮೂವರು ಸಹಪಾಠಿಗಳೂ ನಮ್ಮೂರ ಕೆರೆಯನ್ನು ಪರೀಕ್ಷಿಸಿ ವರದಿ ಬರೆಯಲು ಬಂದರು. ಕೆರೆಯ ಸುತ್ತಲೂ ಕಲ್ಲು ಕಟ್ಟಿ, ಜೊಂಡನ್ನೆಲ್ಲ ಕಿತ್ತು, ತಿರುಗಾಟಕ್ಕೆ ಹಾದಿ ಮಾಡುವ ಯೋಜನೆಯೊಂದು ಆಗಲೇ ಸಿದ್ಧವಾಗಿದ್ದಿತು. ಅದಕ್ಕೆ ಪೂರಕವಾದ ವರದಿಯೇ ಇವರಿಂದ ನಿರೀಕ್ಷಿತವಾಗಿದ್ದುದು. ಬೆಳಗಿನ ಹನ್ನೊಂದು ಗಂಟೆಗೆ ಉಪಕರಣವನ್ನು ನೀರಿನಲ್ಲಿ ಅದ್ದಿ ನೋಡಿದರು. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಲೀಟರ್ ನೀರು ಗಾಳಿಯಿಂದ ಸುಮಾರು 8 ಮಿಲಿಗ್ರಾಂ ಆಮ್ಲಜನಕವನ್ನು ಕರಗಿಸಿಕೊಳ್ಳಬಲ್ಲದು. ಕೆರೆಯಲ್ಲಿ ಅದಕ್ಕಿಂತಲೂ ಹೆಚ್ಚಾಗಿಯೇ ಕಂಡಿತು. ಕೆರೆಯು ಆರೋಗ್ಯವಾಗಿದೆಯೆಂದು ಮಕ್ಕಳು ಹರ್ಷಿಸಿದರು.

ಅಲ್ಲಿಯೇ ಬಲೆ ಒಣಗಿಸುತ್ತಿದ್ದ ವೃದ್ಧ ಬೆಸ್ತನೊಬ್ಬನು, "ಹಾಗಾದರೆ ಕೋಳಿ ಕೂಗುವ ಹೊತ್ತಿಗೆ ಮೀನು ಮೇಲಕ್ಕೆ ಬಂದು ಬಾಯಿ ಬಿಡುವುದೇಕೆ, ಸ್ವಾಮಿ?" ಎಂದನು. ಯಾರೂ ಉತ್ತರ ಹೇಳಲಿಲ್ಲ. ಮರುದಿನ ಐದು ಗಂಟೆಗೆ, ಕತ್ತಲಿರುವಾಗಲೇ, ನಾವೆಲ್ಲರೂ ಹೋದೆವು. ಉಪಕರಣದಲ್ಲಿ ಹಿಂದಿನ ದಿನದ ಕಾಲುಭಾಗವೂ ಇರಲಿಲ್ಲ. ನೀರಿನ ಮೇಲೆಲ್ಲ ಮೀನಿನ ಬಾಯಿಗಳು.

ಕಾರಣವು ಪುಸ್ತಕದಲ್ಲಿ ಇದ್ದೇ ಇತ್ತು. ಬೀದಿಗಳ ಚರಂಡಿಯಿಂದ ಬರುವ ರಂಜಕವನ್ನುಂಡು ಹಸುರು ಪಾಚಿಯು ದಟ್ಟವಾಗಿ ಬೆಳೆಯುತ್ತದೆ. ಹಗಲಿನಲ್ಲಿ ಬಿಸಿಲಿನ ಸಹಾಯದಿಂದ ಆಮ್ಲಜನಕವನ್ನು ಧಾರಾಳವಾಗಿ ಕೊಡುತ್ತದೆ. ರಾತ್ರಿಯಾದರೆ ಆ ಪಾಚಿಯೂ ಉಸಿರಾಡಬೇಕು, ಕೊಳೆತುದನ್ನು ತಿನ್ನುವ ಸೂಕ್ಷ್ಮಜೀವಿಗಳೂ ಉಸಿರಾಡಬೇಕು. ದಾನಿಯೇ ಯಾಚಕನಾದ ಮೇಲೆ ಉಗ್ರಾಣವು ಅರುಣೋದಯಕ್ಕೆ ಬರಿದಾಗುವುದು ಸಹಜ. ಬಂದು ಸೇರುವ ನೀರಿನ ವೇಗವನ್ನು ತಡೆದು, ಹೂಳನ್ನು ನಿಲ್ಲಿಸಿ, ರಂಜಕವನ್ನು ಒಂದಿಷ್ಟಾದರೂ ಹಿಡಿದಿಡುವುದು ಅಂಚಿನ ಆ ಜೊಂಡೇ. ಅದನ್ನು ಕಿತ್ತು ಕಲ್ಲು ಕಟ್ಟುವುದೆಂದರೆ ಮನೆಯ ಹೊಸ್ತಿಲನ್ನು ತೆಗೆದು ಬೀದಿಯ ನೀರನ್ನು ನಡುಮನೆಗೆ ಕರೆದಂತೆಯೇ ಸರಿ.

ಆ ದಿನ ಮಕ್ಕಳಿಗೆ ನಾವು ಧ್ರುವಜ್ಯೋತಿ ಘೋಷರ ಸಂಗತಿಯನ್ನು ಹೇಳಿದೆವು. ಅವರೂ ಎಂಜಿನಿಯರರೇ. ಕಲ್ಕತ್ತೆಯ ಕೊಳಚೆಯೆಲ್ಲ ಎಲ್ಲಿಗೆ ಹೋಗುವುದೆಂದು 1980ರ ದಶಕದಲ್ಲಿ ಅದರ ಬೆನ್ನುಹತ್ತಿ ಮೂಡಣ ದಿಕ್ಕಿಗೆ ನಡೆದರು. ಅಲ್ಲಿ ಬೆಸ್ತರು ಆಳವಿಲ್ಲದ ಕೊಳಗಳಲ್ಲಿ ಆ ನೀರನ್ನು ಅಳತೆಯರಿತು ಬಿಟ್ಟುಕೊಂಡು, ಬಿಸಿಲು, ಪಾಚಿ, ಸೂಕ್ಷ್ಮಜೀವಿಗಳಿಂದ ಅದನ್ನು ತಿಳಿಗೊಳಿಸಿ ಮೀನು ಸಾಕುತ್ತಿದ್ದರು. ಘೋಷರು ಅವರ ಬಳಿ ಶಿಷ್ಯರಂತೆ ಕುಳಿತು ಕಲಿತರು. ಆ ಭೂಮಿಯ ರಕ್ಷಣೆಗೆ ಆಯುಷ್ಯವನ್ನು ಸವೆಸಿ 2018ರಲ್ಲಿ ತೀರಿಕೊಂಡರು. ಸುಮಾರು 12,500 ಹೆಕ್ಟೇರುಗಳ ಆ ಪ್ರದೇಶವು 2002ರಲ್ಲಿ ರಾಮ್ಸರ್ ಒಪ್ಪಂದದ ಪಟ್ಟಿಗೆ ಸೇರಿತು.

ವರದಿಯನ್ನು ಹೇಗೆ ಬರೆಯುವುದೆಂಬ ಚರ್ಚೆಯು ಎರಡು ರಾತ್ರಿ ನಮ್ಮ ಜಗಲಿಯ ಮೇಲೆ ನಡೆಯಿತು. ಹನ್ನೊಂದು ಗಂಟೆಯ ಅಂಕಿಗಳನ್ನು ಮಾತ್ರ ಕೊಟ್ಟರೆ ಸುಳ್ಳೇನೂ ಆಗದು, ಗುರುಗಳ ಅಸಮಾಧಾನವೂ ತಪ್ಪುವುದು ಎಂದು ಒಬ್ಬ ಹುಡುಗನೆಂದನು. ಅಂಕಗಳು ಕಡಿಮೆಯಾದರೆ ಉದ್ಯೋಗಕ್ಕೆ ತೊಂದರೆಯೆಂಬ ಭಯವು ಅವನದು. ಬಡವರ ಮನೆಯ ಆ ಹುಡುಗನ ಭಯವನ್ನು ನಾವು ಹಗುರವಾಗಿ ಎಣಿಸಲಿಲ್ಲ. ನಮ್ಮ ಹುಡುಗಿಯು ಬಹಳ ಹೊತ್ತು ಸುಮ್ಮನಿದ್ದು, "ಐದು ಗಂಟೆಯ ಅಂಕಿಯ ಕೆಳಗೆ ನನ್ನೊಬ್ಬಳ ಹೆಸರೇ ಇರಲಿ" ಎಂದಳು. ಕಡೆಗೆ ನಾಲ್ವರೂ ರುಜು ಹಾಕಿದರು. ಊರವರಿಗಾಗಿ ಅದರ ಕನ್ನಡವನ್ನು ತಿದ್ದಿಕೊಡುವ ಕೆಲಸ ನಮ್ಮದಾಯಿತು. ಕರಗಿದ ಆಮ್ಲಜನಕವೆಂದು ನಾವು ಬರೆದುದನ್ನು ಓದಿಸಿ ಕೇಳಿದ ಆ ಬೆಸ್ತನು, "ನೀರಿನ ಉಸಿರು ಅನ್ನಿ" ಎಂದನು. ಹಾಗೆಯೇ ಬರೆದೆವು.

ಯೋಜನೆಯವರಿಂದ ಉತ್ತರವು ಇನ್ನೂ ಬಂದಿಲ್ಲ. ಜೊಂಡಂತೂ ಸದ್ಯಕ್ಕೆ ನಿಂತಿದೆ. ಈ ವಿದ್ಯೆಯನ್ನು ಕಲಿಸತಕ್ಕವರಲ್ಲಿ ನಮ್ಮದೊಂದು ವಿಜ್ಞಾಪನೆ: ಸೂತ್ರಗಳನ್ನು ಅವಶ್ಯವಾಗಿ ಕಲಿಸಿರಿ, ಅದರೊಡನೆ ಪ್ರತಿಯೊಬ್ಬ ವಿದ್ಯಾರ್ಥಿಯನ್ನೂ ಒಂದು ಬಾರಿಯಾದರೂ ಸೂರ್ಯೋದಯಕ್ಕೆ ಮುನ್ನ ಕೆರೆಯ ಅಂಚಿಗೆ ಕರೆದೊಯ್ಯಿರಿ. ಗೃಹಸ್ಥರಲ್ಲಿ ಇನ್ನೊಂದು: ತಮ್ಮ ಬಚ್ಚಲ ನೀರು ಎಲ್ಲಿಗೆ ಹೋಗುವುದೆಂಬುದನ್ನು, ಮನೆಯ ಮಕ್ಕಳ ಕೈಹಿಡಿದು, ಒಂದು ಭಾನುವಾರ ನಡೆದು ನೋಡಿ ಬರಲಿ.