‘ಡಿಸ್ಕ್ ಇಲ್ಲ’ ಅಂದ್ರೆ ಇಲ್ಲ ಅಂತಲ್ಲ

ನಿನ್ನ ಕೆಲಸ ಏನಪ್ಪಾ ಅಂತ ಊರಿನಲ್ಲಿ ಯಾರಾದರೂ ಕೇಳಿದರೆ ‘ಕಂಪ್ಯೂಟರ್ ರಿಪೇರಿ’ ಅಂದುಬಿಡುತ್ತೇನೆ. ಸುಳ್ಳೇನಲ್ಲ. ಆದರೆ ನಾನು ರಿಪೇರಿ ಮಾಡುವ ಕಂಪ್ಯೂಟರುಗಳನ್ನು ನಾನು ಮುಟ್ಟುವುದೇ ಇಲ್ಲ. ಅವು ಇರುವುದು ಬೆಂಗಳೂರಿನ ಒಂದು ಡೇಟಾ ಸೆಂಟರಿನಲ್ಲಿ, ನಾನಿರುವುದು ಸೊರಬ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ನಡುವೆ ಸುಮಾರು 350 ಕಿಲೋಮೀಟರ್ ದಾರಿ.

ಅಪ್ಪನ ಕಿಡ್ನಿ ಕೈಕೊಟ್ಟ ಮೇಲೆ ಊರಿಗೆ ಬಂದೆ. ವಾರಕ್ಕೆ 2 ಸಲ ಡಯಾಲಿಸಿಸ್. ಅಪ್ಪನಿಗೆ ನಂಬಿಕೆ ಇದ್ದ ಡಾಕ್ಟರು ಶಿಕಾರಿಪುರದಲ್ಲಿ. ಹಾಗಾಗಿ ಸೋಮವಾರ, ಗುರುವಾರ ಬೆಳಿಗ್ಗೆ ಶಿರಾಳಕೊಪ್ಪದ ಮೇಲೆ ಶಿಕಾರಿಪುರಕ್ಕೆ ನಮ್ಮ ಸವಾರಿ. ಒಮ್ಮೆ ಮೆಷಿನ್ನಿಗೆ ಹಾಕಿದರೆ 4 ಗಂಟೆ. ಅಮ್ಮನಿಗೆ ಕಾರು ಓಡಿಸಲು ಬರುವುದಿಲ್ಲ, ನಾನೊಬ್ಬನೇ ಮಗ. ಊರಿಂದಲೇ ಕೆಲಸ ಮಾಡುತ್ತೇನೆ ಅಂತ ಕಂಪನಿಯಲ್ಲಿ ಕೇಳಿದಾಗ ಮ್ಯಾನೇಜರ್ ಹೇಳಿದ್ದು ಇಷ್ಟೇ: ‘3 ತಿಂಗಳು ನೋಡೋಣ. ಆದ್ರೆ ಬ್ಲೇಡ್ ಸರ್ವರ್ ಕೆಲಸ ಬಂತು ಅಂದ್ರೆ ನೀನು ಇಲ್ಲಿರ್ಬೇಕಾಗುತ್ತೆ.’

ಬ್ಲೇಡ್ ಸರ್ವರ್ ಅಂದರೇನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಪುಸ್ತಕದ ಕಪಾಟು ನೆನಪಿಸಿಕೊಳ್ಳಿ. ಕಪಾಟಿನ ಹೆಸರು ಚಾಸಿ, ಅದರಲ್ಲಿ ನಿಲ್ಲಿಸಿದ ಒಂದೊಂದು ಪುಸ್ತಕವೂ ಒಂದೊಂದು ಪೂರ್ತಿ ಕಂಪ್ಯೂಟರ್. ಕರೆಂಟು, ಫ್ಯಾನು, ನೆಟ್‌ವರ್ಕು ಎಲ್ಲ ಕಪಾಟಿನದೇ. 2001ರಲ್ಲಿ ಆರ್‌ಎಲ್‌ಎಕ್ಸ್ ಎಂಬ ಅಮೆರಿಕದ ಕಂಪನಿ ಒಂದೇ ಚಾಸಿಯಲ್ಲಿ 24 ಬ್ಲೇಡ್ ಕೂರಿಸಿ ಮಾರಿತು. ಆಮೇಲೆ ದೊಡ್ಡ ಕಂಪನಿಗಳೆಲ್ಲ ಅದೇ ದಾರಿ ಹಿಡಿದವು. ಜಾಗ ಉಳಿಯುತ್ತದೆ ನಿಜ, ಆದರೆ ಬ್ಲೇಡಿಗೆ ಡಿವಿಡಿ ಡ್ರೈವ್ ಇರುವುದಿಲ್ಲ. ಓಎಸ್ ಹಾಕಬೇಕು ಅಂದರೆ ಅದರ ಮ್ಯಾನೇಜ್‌ಮೆಂಟ್ ಚಿಪ್‌ನ ಮೂಲಕ ‘ವರ್ಚುವಲ್ ಮೀಡಿಯಾ’ ಕೊಡಬೇಕು. ಎಲ್ಲೋ ಇರುವ ಐಎಸ್ಒ ಫೈಲನ್ನು ಬ್ಲೇಡು ತನ್ನದೇ ಸಿಡಿ ಅಂತ ನಂಬುತ್ತದೆ.

ಊರಿಂದ ಕೆಲಸ ಮಾಡುವವನಿಗೆ ಮೊದಲ ತೊಡಕು ಇಲ್ಲೇ. ಐಎಸ್ಒ ನನ್ನ ಲ್ಯಾಪ್‌ಟಾಪಿನಲ್ಲಿದ್ದರೆ ಲೆಕ್ಕಕ್ಕೆ ಬರುವುದು ಡೌನ್‌ಲೋಡ್ ವೇಗವಲ್ಲ, ಅಪ್‌ಲೋಡ್ ವೇಗ. ನಮ್ಮ ಮನೆಯಲ್ಲಿ ಅದು ಸೆಕೆಂಡಿಗೆ 4 ಮೆಗಾಬಿಟ್. 10 ಜಿಬಿ ಫೈಲನ್ನು ಪೂರ್ತಿ ಓದಿಸಬೇಕಾದರೆ ಐದೂವರೆ ಗಂಟೆ, ಅದೂ ನಡುವೆ ಕರೆಂಟು ಹೋಗದಿದ್ದರೆ. ಅದಕ್ಕೇ ಊರಿಗೆ ಬಂದ ಮೊದಲ ವಾರದಲ್ಲೇ ಬೇಕಾದ ಐಎಸ್ಒಗಳನ್ನೆಲ್ಲ ಡೇಟಾ ಸೆಂಟರಿನೊಳಗಿನ ಒಂದು ಚಿಕ್ಕ ಮೆಷಿನ್ನಿಗೆ ಸಾಗಿಸಿಬಿಟ್ಟಿದ್ದೆ. ಬ್ಲೇಡು ತನ್ನ ಪಕ್ಕದ ಮನೆಯಿಂದ ಫೈಲ್ ಓದಿಕೊಳ್ಳುತ್ತದೆ. ನನಗೆ ಬೇಕಾದದ್ದು ಪರದೆ ನೋಡುವಷ್ಟು ನೆಟ್‌ವರ್ಕ್ ಮಾತ್ರ. ಅದಕ್ಕೆ ಫೋನಿನ ಹಾಟ್‌ಸ್ಪಾಟ್ ಸಾಕು.

ಮೂರನೇ ತಿಂಗಳಲ್ಲಿ ಆ ‘ಬ್ಲೇಡ್ ಕೆಲಸ’ ಬಂದೇ ಬಂತು. 2024ರ ಜೂನ್ 30ಕ್ಕೆ ಸೆಂಟ್‌ಓಎಸ್ 7ರ ಸಪೋರ್ಟ್ ಮುಗಿದಿತ್ತು. ನಮ್ಮ ಗ್ರಾಹಕರೊಬ್ಬರ 4 ಹಳೆಯ ಬ್ಲೇಡುಗಳಿಗೆ ಹೊಸ ಲಿನಕ್ಸ್ ಹಾಕಬೇಕಿತ್ತು. ಗುರುವಾರ ಬೆಳಿಗ್ಗೆ ಅಪ್ಪನನ್ನು ಮೆಷಿನ್ನಿಗೆ ಹಾಕಿ ಅರ್ಧ ಗಂಟೆಯೂ ಆಗಿರಲಿಲ್ಲ, ಡೇಟಾ ಸೆಂಟರಿನಲ್ಲಿದ್ದ ಹುಡುಗ ಫೋನ್ ಮಾಡಿದ.

‘ಸಾರ್, ಡಿಸ್ಕೇ ಇಲ್ಲ ಅಂತಿದೆ. 4 ಬ್ಲೇಡಲ್ಲೂ. ಹೊಸ ಡಿಸ್ಕ್ ಆರ್ಡರ್ ಮಾಡೋಕೆ ಹೇಳ್ತಿದಾರೆ. ನೀವು ರಾತ್ರಿ ಬಸ್ಸಿಗೆ ಹೊರಟ್ರೆ ಒಳ್ಳೇದೇನೋ.’

ಒಂದೊಂದು ಬ್ಲೇಡಿಗೆ 2 ಡಿಸ್ಕ್, ಒಟ್ಟು 8. ಹಿಂದಿನ ರಾತ್ರಿಯವರೆಗೆ ಹಳೆಯ ಓಎಸ್ ಅವುಗಳ ಮೇಲೇ ಓಡುತ್ತಿತ್ತು. ಒಂದೇ ಬೆಳಗಿಗೆ 8 ಡಿಸ್ಕ್ ಸಾಯುವುದು ಸುಲಭವಲ್ಲ. ಇನ್‌ಸ್ಟಾಲರ್ ‘ಡಿಸ್ಕ್ ಇಲ್ಲ’ ಅಂದರೆ ಅದರ ನಿಜವಾದ ಅರ್ಥ ‘ನನಗೆ ಕಾಣುತ್ತಿಲ್ಲ’ ಅಂತ. ಈ ಎರಡು ಮಾತಿಗೂ ಬಹಳ ವ್ಯತ್ಯಾಸವಿದೆ.

ಆಸ್ಪತ್ರೆಯ ಕಾರಿಡಾರಿನ ಬೆಂಚಿನಲ್ಲಿ ಕೂತು ಕೆಳಗಿನ ಮೆಟ್ಟಿಲಿಂದ ಶುರು ಮಾಡಿದೆ. ಮೊದಲು ರೇಯ್ಡ್ ಕಂಟ್ರೋಲರ್. ಹೆಚ್ಚಿನ ಬ್ಲೇಡುಗಳಲ್ಲಿ ಓಎಸ್‌ಗೆ ಡಿಸ್ಕ್ ನೇರವಾಗಿ ಕಾಣುವುದಿಲ್ಲ. ಕಂಟ್ರೋಲರ್ 2 ಡಿಸ್ಕ್ ಸೇರಿಸಿ ಒಂದು ‘ಲಾಜಿಕಲ್ ಡ್ರೈವ್’ ಮಾಡಿಕೊಟ್ಟರೆ ಮಾತ್ರ ಕಾಣುತ್ತದೆ. ಅದರ ಸೆಟಪ್ ಪರದೆಗೆ ಹೋಗಿ ನೋಡಿದರೆ ಲಾಜಿಕಲ್ ಡ್ರೈವ್ ಇದೆ, ಆರೋಗ್ಯವಾಗಿಯೂ ಇದೆ. ಎರಡನೆಯದು ಬೂಟ್ ಮೋಡ್. ಮೆಷಿನ್ ಲೆಗಸಿಯಲ್ಲಿ, ಇನ್‌ಸ್ಟಾಲರ್ ಯುಇಎಫ್‌ಐನಲ್ಲಿ ಇದ್ದರೆ ಓಎಸ್ ಹಾಕಿದ ಮೇಲೆ ಅದು ಏಳುವುದೇ ಇಲ್ಲ. ಅದೂ ಸರಿಯಿತ್ತು.

ಮೂರನೆಯದು ಡ್ರೈವರ್. ಇನ್‌ಸ್ಟಾಲರ್ ನಿಂತ ಕಡೆ ಕಂಟ್ರೋಲ್, ಆಲ್ಟ್, ಎಫ್2 ಒತ್ತಿದರೆ ಕಪ್ಪು ಪರದೆ ಸಿಗುತ್ತದೆ. ಅಲ್ಲಿ ‘ಎಲ್‌ಎಸ್‌ಪಿಸಿಐ’ ಕಮಾಂಡನ್ನು ‘ಕೆ’ ಆಯ್ಕೆಯೊಂದಿಗೆ ಕೊಟ್ಟರೆ ಮೆಷಿನ್ನಿನ ಒಂದೊಂದು ಕಾರ್ಡಿನ ಹೆಸರೂ, ಅದರ ಕೆಳಗೆ ಅದನ್ನು ಓಡಿಸುತ್ತಿರುವ ಡ್ರೈವರಿನ ಹೆಸರೂ ಬರುತ್ತವೆ. ರೇಯ್ಡ್ ಕಾರ್ಡಿನ ಹೆಸರು ಬಂತು. ಕೆಳಗಿನ ಡ್ರೈವರ್ ಸಾಲು ಇರಲಿಲ್ಲ. ಕಾಯಿಲೆ ಸಿಕ್ಕಿತು.

ಇದು ಗುಟ್ಟಿನ ವಿಷಯವೇನಲ್ಲ. 2019ರಲ್ಲಿ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8 ಬಂದಾಗ ಕೆಲವು ಹಳೆಯ ಸ್ಟೋರೇಜ್ ಕಾರ್ಡುಗಳನ್ನು ಬೆಂಬಲದಿಂದ ಕೈಬಿಟ್ಟಿದ್ದೇವೆ ಅಂತ ಅವರೇ ಪಟ್ಟಿ ಪ್ರಕಟಿಸಿದ್ದರು. ಪ್ರತಿ ಕಾರ್ಡಿಗೂ ಒಂದು ಗುರುತಿನ ಸಂಖ್ಯೆ ಇರುತ್ತದೆ. ಡ್ರೈವರಿನೊಳಗಿನ ಪಟ್ಟಿಯಲ್ಲಿ ಆ ಸಂಖ್ಯೆ ಇಲ್ಲದಿದ್ದರೆ ಡ್ರೈವರ್ ಅದನ್ನು ಮಾತನಾಡಿಸುವುದಿಲ್ಲ. ಕಾರ್ಡು ಕೆಟ್ಟಿಲ್ಲ, ಡಿಸ್ಕ್ ಕೆಟ್ಟಿಲ್ಲ. ಅದರ ಭಾಷೆ ಬಲ್ಲವರು ಮನೆಯಲ್ಲಿಲ್ಲ, ಅಷ್ಟೇ.

ನಾವು ಓಡಾಡುವ ಶಿಕಾರಿಪುರ ತಾಲ್ಲೂಕಿನಲ್ಲೇ ತಾಳಗುಂದ ಇದೆ. ಅಲ್ಲಿನ ಪ್ರಣವೇಶ್ವರ ದೇವಸ್ಥಾನದ ಎದುರು ಕದಂಬರ ಕಾಲದ ಶಾಸನ ಕಂಬ ನಿಂತಿದೆ. ಅಕ್ಷರವೆಲ್ಲ ಕಣ್ಣೆದುರೇ ಇದೆ, ಆದರೆ ನನಗೆ ಅದು ಬರೀ ಕಲ್ಲು. ಆ ಲಿಪಿ ಬಲ್ಲವರು ನಿಂತರೆ ಮಯೂರಶರ್ಮ ಕಂಚಿಗೆ ಹೋದ ಕಥೆಯೇ ಹೊರಬರುತ್ತದೆ. ಬಿ.ಎಲ್. ರೈಸ್ 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ 7ನೇ ಸಂಪುಟದಲ್ಲಿ ಇದನ್ನು ಅಚ್ಚು ಹಾಕಿಸಿದರು. ಓದಲು ಬರುವುದಿಲ್ಲ ಅಂತ ಕಂಬವನ್ನೇ ಬದಲಾಯಿಸಿ ಅಂತ ಯಾರೂ ಹೇಳುವುದಿಲ್ಲ. ಸರ್ವರ್ ವಿಷಯದಲ್ಲಿ ಮಾತ್ರ ಮೊದಲು ಬರುವ ಸಲಹೆ ಅದೇ.

ಇದಕ್ಕೆ ಮದ್ದು ಡ್ರೈವರ್ ಅಪ್‌ಡೇಟ್ ಡಿಸ್ಕ್. ಹಿಂದೆ ವಿಂಡೋಸ್ ಸರ್ವರ್ 2003 ಕಾಲದಲ್ಲಿ ಎಫ್6 ಒತ್ತಿ ಫ್ಲಾಪಿ ಹಾಕುತ್ತಿದ್ದರಲ್ಲ, ಅದರ ವಂಶದ್ದೇ. ಕೈಬಿಟ್ಟ ಕಾರ್ಡುಗಳಿಗೆ ಡ್ರೈವರ್ ಕಟ್ಟಿಕೊಡುವ ಇಎಲ್‌ರೆಪೋ ಎಂಬ ಸಮುದಾಯ ಯೋಜನೆ ಇದೆ. ಅದರಿಂದ ನಮ್ಮ ಓಎಸ್ ಆವೃತ್ತಿಗೆ ಸರಿಹೊಂದುವ ಫೈಲ್ ತೆಗೆದು ಆ ಚಿಕ್ಕ ಮೆಷಿನ್ನಿನಲ್ಲಿಟ್ಟೆ. ಬೂಟ್ ಸಾಲಿನಲ್ಲಿ ‘ಇನ್‌ಸ್ಟ್ ಡಾಟ್ ಡಿಡಿ’ ಅಂತ ಬರೆದು ಅದರ ವಿಳಾಸ ಕೊಟ್ಟೆ. ಇಲ್ಲಿ ಆವೃತ್ತಿ ಹೊಂದುವುದು ಮುಖ್ಯ. 8.6ಕ್ಕೆ ಕಟ್ಟಿದ ಡ್ರೈವರ್ 8.10ರಲ್ಲಿ ನಡೆಯುತ್ತದೆ ಅನ್ನುವ ಭರವಸೆ ಇಲ್ಲ. ಈ ಸಲ ಪರದೆಯ ಮೇಲೆ ಡಿಸ್ಕ್ ಬಂತು. ಫೋನಿನ ಆ ಕಡೆಯಿಂದ ಹುಡುಗ ‘ಅಯ್ಯೋ, ಇದೆ ಸಾರ್!’ ಅಂದ.

3 ಬ್ಲೇಡ್ ಸಂಜೆಯೊಳಗೆ ಎದ್ದವು. ನಾಲ್ಕನೆಯದರಲ್ಲಿ ಡಿಸ್ಕ್ ಬಂತು, ನೆಟ್‌ವರ್ಕ್ ಬರಲಿಲ್ಲ. ‘ಇದಕ್ಕೂ ಡ್ರೈವರ್ ಹಾಕೋಣ’ ಅಂದ ಹುಡುಗ. ಆದರೆ ಇದರಲ್ಲಿ ಡ್ರೈವರ್ ಸಾಲು ಸರಿಯಾಗೇ ಇತ್ತು, ‘ಲಿಂಕ್ ಡೌನ್’ ಅಂತಿತ್ತು. ಬ್ಲೇಡಿನ ನೆಟ್‌ವರ್ಕ್ ಕೇಬಲ್ ಕಣ್ಣಿಗೆ ಕಾಣುವುದಿಲ್ಲ, ಚಾಸಿಯ ಬೆನ್ನಿನ ಮಾಡ್ಯೂಲ್ ಮೂಲಕ ಹೋಗುತ್ತದೆ. ಆ ಸ್ಲಾಟಿಗೆ ಪ್ರೊಫೈಲ್ ಹಚ್ಚಿರಲಿಲ್ಲ. ಹಚ್ಚಿದ ಕೂಡಲೇ ಜೀವ ಬಂತು. ಒಂದು ಕಾಯಿಲೆಗೆ ಕೆಲಸ ಮಾಡಿದ ಮದ್ದು ಪಕ್ಕದ ಕಾಯಿಲೆಗೂ ಆಗಬೇಕೆಂದಿಲ್ಲ.

ಆ ರಾತ್ರಿ ನಾನು ಬಸ್ ಹತ್ತಲಿಲ್ಲ. 8 ಡಿಸ್ಕಿನ ಆರ್ಡರೂ ಹೋಗಲಿಲ್ಲ. ಗ್ರಾಹಕರಿಗೆ ಒಂದು ಪುಟದ ಇಮೇಲ್ ಬರೆದೆ: ಇದು ಓಡುತ್ತದೆ, ಆದರೆ ಮುಂದೆ ಕರ್ನಲ್ ಅಪ್‌ಡೇಟ್ ಮಾಡುವ ಮುಂಚೆ ಪ್ರತಿ ಸಲ ಹೊಂದುವ ಡ್ರೈವರ್ ಇದೆಯಾ ನೋಡಬೇಕು, ಇಲ್ಲದಿದ್ದರೆ ಮೆಷಿನ್ ಮತ್ತೆ ಏಳುವುದಿಲ್ಲ. ಇದು ಶಾಶ್ವತ ಪರಿಹಾರವಲ್ಲ, 2 ವರ್ಷದೊಳಗೆ ಹೊಸ ಮೆಷಿನ್ನಿಗೆ ದುಡ್ಡು ತೆಗೆದಿಡಿ. ಇಷ್ಟನ್ನು ಬರೆದು ಕೊಡದಿದ್ದರೆ ಕೆಲಸ ಅರ್ಧ ಮಾತ್ರ ಆದಂತೆ.

ಊಟಕ್ಕೆ ಕೂತಾಗ ಅಪ್ಪ ಕೇಳಿದರು, ‘ಬೆಳಿಗ್ಗೆಯಿಂದ ಡಿಸ್ಕು ಡಿಸ್ಕು ಅಂತಿದ್ಯಲ್ಲ, ಏನಾಯ್ತು?’ ಹಳೇ ಮೆಷಿನ್ನಿಗೆ ಹೊರಗಿಂದ ಒಂದು ಡ್ರೈವರ್ ಹಾಕಿ ಓಡಿಸಿದ್ದೀನಿ ಅಂದೆ. ಸಾರು ಕಲಸುತ್ತಾ, ‘ಅಂದ್ರೆ ನನ್ ಥರಾನೇ’ ಅಂದರು. ಅಮ್ಮ ಬೈದರು. ಅಪ್ಪ ನಕ್ಕರು. ನಾನೂ ನಕ್ಕೆ, ಆದರೆ ತುತ್ತು ಇಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

3 ತಿಂಗಳ ಗಡುವಿನ ಮಾತನ್ನು ಮ್ಯಾನೇಜರ್ ಆಮೇಲೆ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಸೋಮವಾರ, ಗುರುವಾರ ಕಾರಿಡಾರಿನ ಆ ಬೆಂಚು ಈಗ ನನ್ನ ಆಫೀಸು. ಊರಿಗೆ ಮರಳಬೇಕು ಅಂದುಕೊಂಡಿರುವ ನಿಮ್ಮಲ್ಲಿ ಅನೇಕರಿಗೆ ನಾನು ಹೇಳುವುದು ಇಷ್ಟು. ಸ್ಪೀಡ್ ಇಂಟರ್ನೆಟ್ಟಿಗಿಂತ ಮೊದಲು, ಬೇಕಾದ ಫೈಲುಗಳನ್ನು ಮೆಷಿನ್ನಿನ ಹತ್ತಿರ ಇಟ್ಟುಕೊಳ್ಳಿ. ‘ಇಲ್ಲ’ ಅಂತ ಪರದೆ ಹೇಳಿದರೆ ಯಾರಿಗೆ ಕಾಣುತ್ತಿಲ್ಲ, ಯಾವ ಮೆಟ್ಟಿಲಲ್ಲಿ ಕಾಣುತ್ತಿಲ್ಲ ಅಂತ ಕೇಳಿ. ಕೆಳಗಿನ ಮೆಟ್ಟಿಲಿಂದ ಹತ್ತಿ, ಒಂದನ್ನೂ ಹಾರಬೇಡಿ. ಡಿಸ್ಕ್ ಬದಲಾಯಿಸುವುದು, ರಾತ್ರಿ ಬಸ್ ಹಿಡಿಯುವುದು ಕೊನೆಯ ಮೆಟ್ಟಿಲಿಗೆ ಇರಲಿ.