ಪರೀಕ್ಷೆಗೆ ಬಾರದ ಪುಸ್ತಕಗಳು

ಮಗ ರೌಡಿಗಳ ಕುರಿತ ಪುಸ್ತಕ ಹಿಡಿದು ಕೂತರೆ ‘ಹುಡುಗ ಕೆಟ್ಟ’ ಎಂದು ಅಪ್ಪ ಚಿಂತೆಗೆ ಬೀಳುತ್ತಾರೆ. ಕಂಪ್ಯೂಟರ್ ಪುಸ್ತಕ ಹಿಡಿದರೆ ಅವರ ಮುಖ ಅರಳುತ್ತದೆ. ಮಗಳು ಮನೆತನದ ಚರಿತ್ರೆ ಬರೆಯುತ್ತೇನೆಂದರೆ ‘ಅದರಿಂದ ಎಷ್ಟು ಮಾರ್ಕ್ಸ್ ಬರ್ತಾವ?’ ಎಂದು ಕೇಳುತ್ತಾರೆ. ನಾಲವಾರದಲ್ಲೂ ಇದೇ ಮಾತು, ವಾಡಿ, ಸೇಡಂಗಳಲ್ಲೂ ಇದೇ ಮಾತು. ಆದರೆ ನಡೆದದ್ದನ್ನು ಹೇಳುವ ಈ ಮೂರೂ ಬಗೆಯ ಪುಸ್ತಕಗಳು ಕಲಿಸುವ ಪಾಠ ಒಂದೇ. ಹೇಳುತ್ತಿರುವವರು ಯಾರು? ಏನನ್ನು ಬಿಟ್ಟು ಹೇಳುತ್ತಿದ್ದಾರೆ?

ನಾಲವಾರದಲ್ಲಿ ರೈಲು ಹತ್ತಿ ರಾಯಚೂರಿನ ಕಡೆಗೆ ಹೊರಟರೆ ಯಾದಗಿರಿ. ಅಲ್ಲಿಂದ ಬಸ್ಸು ಹಿಡಿದರೆ ಸುರಪುರ. 1841ರಲ್ಲಿ ಸುರಪುರಕ್ಕೆ ಅಧಿಕಾರಿಯಾಗಿ ಬಂದ ಮೆಡೋಸ್ ಟೇಲರ್, ಅದಕ್ಕೂ ಮೊದಲೇ 1839ರಲ್ಲಿ, ದಾರಿಹೋಕರ ಕತ್ತು ಬಿಗಿದು ದೋಚುತ್ತಿದ್ದ ಠಕ್ಕರ ಮೇಲೆ ಕಾದಂಬರಿ ಬರೆದು ಹೆಸರಾಗಿದ್ದ. 1836ರಲ್ಲಿ ಸ್ಲೀಮನ್ ಪ್ರಕಟಿಸಿದ ‘ರಾಮಸೀಯಾನಾ’ ಮಾತ್ರ ಕಾದಂಬರಿಯಲ್ಲ. ಠಕ್ಕರ ಗುಟ್ಟಿನ ಮಾತುಗಳ, ಹೇಳಿಕೆಗಳ ದಾಖಲೆ. ಹೇಳಿಕೆ ಕೊಟ್ಟವರು ಮಾಫಿ ಸಾಕ್ಷಿಗಳಾಗಿ ನೇಣಿನಿಂದ ಉಳಿದವರು. ಬರೆದುಕೊಂಡವರು ಕಂಪನಿ ಸರ್ಕಾರದ ಅಧಿಕಾರಿಗಳು. ಇಬ್ಬರಿಗೂ ಅವರವರ ಲಾಭವಿತ್ತು. ಸತ್ತವರ ಪರವಾಗಿ ಹೇಳುವವರು ಯಾರೂ ಇರಲಿಲ್ಲ. ಬೆಂಗಳೂರಿನ ಭೂಗತ ಲೋಕವನ್ನು ಕುರಿತ ಅಗ್ನಿ ಶ್ರೀಧರರ ‘ದಾದಾಗಿರಿಯ ದಿನಗಳು’ ಓದುವ ಹುಡುಗನೂ ಈ ಪ್ರಶ್ನೆ ಕೇಳಿಕೊಳ್ಳಲಿ. ಹಾಗೆ ಕೇಳಿಕೊಳ್ಳುವವನು ಸುಲಭಕ್ಕೆ ಕೆಡುವುದಿಲ್ಲ.

ಇನ್ನು ಅಪ್ಪ ಮೆಚ್ಚುವ ಸಾಫ್ಟ್‌ವೇರ್. ಐಬಿಎಂ ಕಂಪನಿಯಲ್ಲಿ ದೊಡ್ಡದೊಂದು ಆಪರೇಟಿಂಗ್ ಸಿಸ್ಟಮ್ಮಿನ ಹೊಣೆ ಹೊತ್ತಿದ್ದ ಫ್ರೆಡ್ ಬ್ರೂಕ್ಸ್ 1975ರಲ್ಲಿ ‘ದಿ ಮಿಥಿಕಲ್ ಮ್ಯಾನ್-ಮಂತ್’ ಬರೆದರು. ತಡವಾದ ಕೆಲಸಕ್ಕೆ ಇನ್ನಷ್ಟು ಜನರನ್ನು ಹಾಕಿದರೆ ಅದು ಮತ್ತಷ್ಟು ತಡವಾಗುತ್ತದೆ ಎಂಬುದು ಅದರ ಮುಖ್ಯ ಮಾತು. ಹೊಸಬರಿಗೆ ಕಲಿಸುವುದರಲ್ಲೇ ಹಳಬರ ವೇಳೆ ಕಳೆಯುತ್ತದೆ. ಹತ್ತು ಆಳು ಹೆಚ್ಚಿಗೆ ಬಂದರೆ ತೊಗರಿ ಕೊಯ್ಲು ಬೇಗ ಮುಗಿದೀತು. ನೂರು ಆಳು ಬಂದು ನಿಂತರೂ ಕಾಯಿ ಬೇಗ ಬಲಿಯದು. ತಮ್ಮದೇ ಕೆಲಸ ತಡವಾದದ್ದನ್ನು ಬ್ರೂಕ್ಸ್ ಬಚ್ಚಿಡಲಿಲ್ಲ. ಆ ಪುಸ್ತಕಕ್ಕೆ ಬೆಲೆ ಬಂದದ್ದು ಅದರಿಂದಲೇ.

ಮನೆತನದ ಚರಿತ್ರೆಯಲ್ಲಿ ಇಂಥ ಪ್ರಾಮಾಣಿಕತೆ ಇನ್ನೂ ಕಷ್ಟ. ಶಹಾಬಾದ್ ಹತ್ತಿರದ ಮರತೂರು ‘ಮಿತಾಕ್ಷರಾ’ ಬರೆದ ವಿಜ್ಞಾನೇಶ್ವರನ ಊರು. ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಕಾಲದ ಆ ಗ್ರಂಥವನ್ನೇ ಬ್ರಿಟಿಷರ ಕೋರ್ಟುಗಳೂ ಆಸ್ತಿ ಪಾಲಿಗೆ ಆಧಾರವಾಗಿ ಹಿಡಿದವು. ಕೋರ್ಟುಗಳು ನಡೆಸಿಕೊಂಡು ಬಂದ ಆ ಪದ್ಧತಿಯಲ್ಲಿ ಪಿತ್ರಾರ್ಜಿತ ಆಸ್ತಿಯ ಜನ್ಮಸಿದ್ಧ ಹಕ್ಕು ಗಂಡುಮಕ್ಕಳದು. ಹೆಣ್ಣುಮಕ್ಕಳಿಗೆ ಅದು ದೇಶದಾದ್ಯಂತ ಸಮನಾಗಿ ದೊರೆತದ್ದು 2005ರ ತಿದ್ದುಪಡಿಯಿಂದ. ವಂಶವೃಕ್ಷ ಬರೆಸಿದಾಗಲೂ ಎಷ್ಟೋ ಮನೆಗಳಲ್ಲಿ ಮುತ್ತಜ್ಜನ ಹೆಸರಿರುತ್ತದೆ, ಮುತ್ತಜ್ಜಿಯದು ಇರುವುದಿಲ್ಲ.

ಈ ರಜೆಯಲ್ಲಿ ಮಕ್ಕಳು ಒಂದು ನೋಟ್‌ಬುಕ್ ಹಿಡಿದು ಮುತ್ಯಾ, ಆಯಿಯರ ಎದುರು ಕೂರಲಿ. 1948ರ ರಜಾಕಾರರ ಹಾವಳಿಯಲ್ಲಿ ಮನೆಮಂದಿ ಎಲ್ಲಿಗೆ ಹೋಗಿದ್ದರು? ಫರಸಿ ಕಲ್ಲಿನ ಖಣಿಗೆ ಮೊದಲು ದುಡಿಯಲು ಹೋದವರು ಯಾರು? ಆಯಿಯ ತವರಿನ ಹೊಲದಲ್ಲಿ ಆಕೆಗೇನು ಸಿಕ್ಕಿತು? ಕೊನೆಯ ಪ್ರಶ್ನೆಗೆ ಮನೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡದಿರಬಹುದು. ಆಗ ಹಿರಿಯರು ಗದರಿಸಿ ಎಬ್ಬಿಸದೆ ಇದ್ದದ್ದನ್ನು ಇದ್ದಂತೆ ಹೇಳಿದರೆ ಸಾಕು. ಆ ನೋಟ್‌ಬುಕ್ಕಿಗೆ ಮಾರ್ಕ್ಸ್ ಬರುವುದಿಲ್ಲ, ನಿಜ. ಆದರೆ ಅದರಲ್ಲಿ ಆಯಿಯ ಹೆಸರು ಇರುತ್ತದೆ.