ಅನಾರೋಗ್ಯದ ರಜೆ ಮತ್ತು ಅಣುವ್ರತ

ದಶಲಕ್ಷಣ ಪರ್ವದ ಹತ್ತು ದಿನಗಳಲ್ಲಿ ತತ್ತ್ವಾರ್ಥಸೂತ್ರದ ಹತ್ತು ಅಧ್ಯಾಯಗಳನ್ನು ದಿನಕ್ಕೊಂದರಂತೆ ಓದಿ ವಿವರಿಸುವ ವಾಡಿಕೆ ನಮ್ಮ ಬಸದಿಯಲ್ಲಿಯೂ ಉಂಟು. ಕಳೆದ ಪರ್ವದಲ್ಲಿ ಏಳನೆಯ ಅಧ್ಯಾಯದ ದಿನ ಸ್ವಾಧ್ಯಾಯ ಮುಗಿದ ಮೇಲೆ, ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ತರುಣನೊಬ್ಬ ನನ್ನ ಬಳಿ ಬಂದು ಕುಳಿತನು. ಅಂದು ಪ್ರಮಾದದ ವಿಷಯ ಬಹಳ ಹೊತ್ತು ಚರ್ಚೆಯಾಗಿತ್ತು. ಅವನು ಮೆಲ್ಲನೆ ಕೇಳಿದನು: "ಕಾಕಾ, ಜ್ವರಾ ಬಂದ ದಿನಾ ರಜಾ ಹಾಕಿ ಮಲಗಿದ್ರ ಅದೂ ಪ್ರಮಾದನ ಏನ್ರಿ? ಹೋದ್ರ ಮೈ ಕೇಳೂದಿಲ್ಲ, ಹೋಗದಿದ್ರ ಮನಸ್ಸು ಕೇಳೂದಿಲ್ಲ."

ಪ್ರಶ್ನೆ ಚಿಕ್ಕದೆಂದು ತೋರಬಹುದು. ಆದರೆ ನಾನು ಒಡನೆಯೇ ಉತ್ತರಿಸಲಾರದೆ ಹೋದೆನು. ಏಕೆಂದರೆ ಈ ವಿಷಯದಲ್ಲಿ ನಾನು ತೆತ್ತ ಬೆಲೆ, ಅದಕ್ಕಿಂತ ಹೆಚ್ಚಾಗಿ ಅನ್ಯರಿಂದ ತೆರಿಸಿದ ಬೆಲೆ, ಎರಡೂ ನನ್ನ ಖಾತೆಯಲ್ಲಿ ಇನ್ನೂ ಇವೆ. ಅವನ್ನು ಇಲ್ಲಿ ಬರೆಯುವುದು ಉಪದೇಶಕ್ಕಾಗಿ ಅಲ್ಲ, ಆಲೋಚನೆಗಾಗಿ. ಮಾಡಿದ ದೋಷವನ್ನು ಬಾಯಿಬಿಟ್ಟು ಹೇಳಿಕೊಳ್ಳುವುದಕ್ಕೆ ನಮ್ಮ ಪರಂಪರೆಯಲ್ಲಿ ಇರುವ ಹೆಸರು ಅದೇ ತಾನೆ?

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ನಮ್ಮದು ತಂದೆಯವರ ಕಾಲದಿಂದ ನಡೆದುಬಂದ ದಲಾಲಿ ಅಂಗಡಿ. ೧೯೮೨ರಲ್ಲಿ ಹುಬ್ಬಳ್ಳಿಯಲ್ಲಿ ಬಿ.ಕಾಂ. ಮುಗಿಸಿ ನಾನು ಅದರ ಗಾದಿಯ ಮೇಲೆ ಕುಳಿತೆನು. ತಂದೆಯವರು ಒಂದು ದಿನವೂ ಅಂಗಡಿ ತಪ್ಪಿಸಿದವರಲ್ಲ. ನಾನೂ ಹಾಗೆಯೇ ಇರಬೇಕೆಂದು ಸಂಕಲ್ಪಿಸಿದೆ. ಹನ್ನೆರಡು ವರ್ಷ ಇದ್ದೆ ಕೂಡ. ಅದನ್ನು ನಾನು ಧರ್ಮವೆಂದು ತಿಳಿದಿದ್ದೆ. ಅದರಲ್ಲಿ ಮಾನಕಷಾಯದ ಪಾಲು ಎಷ್ಟಿತ್ತೆಂಬುದು ಆಗ ನನಗೆ ಕಾಣಲಿಲ್ಲ.

೧೯೯೪ರ ಮಾರ್ಚ್ ತಿಂಗಳು, ಭರ್ತಿ ಸುಗ್ಗಿ. ಎರಡು ದಿನಗಳಿಂದ ಜ್ವರವಿತ್ತು. ಮನೆಯವರು ಬೇಡವೆಂದರೂ ಒಂದು ಮಾತ್ರೆ ನುಂಗಿ, ಕಿವಿಗೆ ಮಫ್ಲರ್ ಸುತ್ತಿಕೊಂಡು ಅಂಗಡಿಗೆ ಹೋದೆನು. ಅಂದು ಕುಂದಗೋಳದ ಕಡೆಯ ಒಬ್ಬ ರೈತನ ೬ ಕ್ವಿಂಟಲ್ ಮಾಲು ೨,೯೬೦ ರೂಪಾಯಿ ದರಕ್ಕೆ ಹೋಯಿತು. ಪಟ್ಟಿ ಬರೆಯುವಾಗ ನಾನು ೨,೬೯೦ ಎಂದು ಬರೆದೆ. ನಮ್ಮ ಅಂಕಿಗಳಲ್ಲಿ ಆರಕ್ಕೂ ಒಂಬತ್ತಕ್ಕೂ ಇರುವ ಅಂತರ ಒಂದು ಬಾಲದಷ್ಟು. ಜ್ವರದ ಕಣ್ಣಿಗೆ ಅದೂ ಇರಲಿಲ್ಲ. ಖರೀದಿದಾರನಿಂದ ಪೂರ್ತಿ ಹಣ ಬಂದಿತು, ರೈತನ ಕೈಗೆ ೧,೬೨೦ ರೂಪಾಯಿ ಕಡಿಮೆ ಹೋಯಿತು. ಏಪ್ರಿಲ್ ಎರಡನೆಯ ವಾರ ವರ್ಷಾಂತ್ಯದ ಲೆಕ್ಕ ತಾಳೆ ನೋಡುವಾಗ ರೋಕಡಿಯಲ್ಲಿ ಅಷ್ಟೇ ಮೊತ್ತ ಹೆಚ್ಚಾಗಿ ಕಂಡಿತು. ಚೀಟಿಗಳನ್ನೆಲ್ಲ ಕೆದಕಿ ನೋಡಿದ ಮೇಲೆ ತಪ್ಪು ಸಿಕ್ಕಿತು.

ಮರುದಿನವೇ ಹಣ ತೆಗೆದುಕೊಂಡು ಆ ರೈತನ ಊರಿಗೆ ಹೋದೆ. ಸೊಸೈಟಿಯ ಸಾಲದ ಕಂತನ್ನು ಮಾರ್ಚ್ ೩೧ರ ಒಳಗೆ ಕಟ್ಟದಿದ್ದರೆ ಬಾಕಿದಾರನಾಗಬೇಕಾಗುತ್ತದೆಂದು ಅವನು ಊರಿನಲ್ಲಿ ಬಡ್ಡಿಗೆ ಕೈಗಡ ತಂದಿದ್ದನು. ದರ ಇಷ್ಟು ಕಡಿಮೆಯೇಕೆಂದು ಅಂದೇ ಅವನು ನನ್ನನ್ನು ಕೇಳಿದ್ದನಂತೆ. ಪೇಟೆ ಇಳಿದಿದೆಯೆಂದು ನಾನೇ ಹೇಳಿದ್ದೆನಂತೆ. ಆ ಮಾತು ನನಗೆ ಇಂದಿಗೂ ನೆನಪಿಲ್ಲ. ಕೈಗಡದ ಬಡ್ಡಿಯನ್ನೂ ಸೇರಿಸಿ ಹಣ ಅವನ ಮುಂದಿಟ್ಟು, ಜ್ವರದ ಸಂಗತಿಯನ್ನು ಹೇಳಿ ಕ್ಷಮೆ ಕೇಳಿದೆ. ಅವನು ಸಿಟ್ಟಾಗಲಿಲ್ಲ. ಹಣವನ್ನು ಎರಡು ಸಲ ಎಣಿಸಿ, "ಸಾವ್ಕಾರ್ರ, ಎತ್ತಿಗೆ ಜಡ್ಡಾದ್ರ ನಾವು ಅವತ್ತ ನೊಗಾ ಹೂಡೂದಿಲ್ರಿ. ನಿಮಗ ಯಾರು ಹೂಡಿದ್ರು?" ಎಂದನು.

ಹಿಂದಿರುಗುವ ಬಸ್ಸಿನಲ್ಲಿ ಆ ಮಾತೇ ಕಿವಿಯಲ್ಲಿತ್ತು. ಅಹಿಂಸಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳು ನಮಗೆಲ್ಲ ಬಾಯಿಪಾಠ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ನಾಲ್ಕನೆಯದನ್ನು ಓದುವಾಗಲೆಲ್ಲ ನಾನು ಎತ್ತು, ಕತ್ತೆ, ಕುದುರೆಗಳನ್ನೇ ನೆನೆಯುತ್ತಿದ್ದೆ. ಶಕ್ತಿ ಮೀರಿದ ಭಾರವನ್ನು ನನ್ನ ದೇಹದ ಮೇಲೆ ನಾನೇ ಹೇರಬಹುದು, ಆ ಭಾರ ಜಾರಿ ಇನ್ನೊಬ್ಬರ ಮೇಲೆ ಬೀಳಬಹುದು ಎಂಬುದು ಅಂದು ಹೊಳೆಯಿತು. ಇನ್ನೊಂದು ವಿಷಯವನ್ನೂ ಗಮನಿಸಬೇಕು. ಉಮಾಸ್ವಾಮಿ ಆಚಾರ್ಯರು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮತ್ತಯೋಗವನ್ನೇ ಮೊದಲಿಟ್ಟಿದ್ದಾರೆ. ಅಸತ್ಯಕ್ಕೂ ಚೌರ್ಯಕ್ಕೂ ಆ ವಿಶೇಷಣ ಅನ್ವಯಿಸುತ್ತದೆಂದು ವ್ಯಾಖ್ಯಾನಕಾರರು ವಿವರಿಸುತ್ತಾರೆ. ನನ್ನಲ್ಲಿ ಕದಿಯುವ ಭಾವವಿರಲಿಲ್ಲ, ನಿಜ. ಆದರೆ ಎಚ್ಚರ ತಪ್ಪಿದ ಸ್ಥಿತಿಯಲ್ಲಿ ಪರರ ಹಣದ ಲೆಕ್ಕಕ್ಕೆ ಕೈಹಾಕುತ್ತಿದ್ದೇನೆಂದು ತಿಳಿದಿದ್ದೂ ಕೈಹಾಕಿದ್ದೆ. ಮಲಗುವುದು ಪ್ರಮಾದವಾಗುತ್ತದೆಂದು ಹೆದರಿ ಎದ್ದು ಹೋದವನು ಪ್ರಮಾದವನ್ನೇ ಮಾಡಿದ್ದನು.

ಅಂದಿನಿಂದ ಜ್ವರ ಬಂದ ದಿನ ಪಟ್ಟಿ ಬರೆಯುವುದನ್ನು ಬಿಟ್ಟೆ. ಆದರೆ ಗಾದಿಯನ್ನು ಬಿಡಲಿಲ್ಲ. ಅಂದರೆ ಪಾಠದ ಅರ್ಧವನ್ನು ಮಾತ್ರ ಕಲಿತಿದ್ದೆ. ಉಳಿದ ಅರ್ಧ ತಿಳಿಯಲು ಹದಿನೇಳು ವರ್ಷ ಹಿಡಿಯಿತು.

ಮೆಣಸಿನಕಾಯಿ ಪೇಟೆಯಲ್ಲಿ ಕೆಮ್ಮದವರಿಲ್ಲ. ಸುಗ್ಗಿಯಲ್ಲಿ ಓಣಿಯ ಬಾಯಿಗೆ ಬಂದೊಡನೆ ಘಾಟು ಮೂಗಿಗೆ ಹತ್ತುತ್ತದೆ. ಹೊಸಬರು ಸೀನುತ್ತಾರೆ, ಹಳಬರು ಕೆಮ್ಮುತ್ತಾರೆ. ಆದುದರಿಂದ ೨೦೧೧ರ ಸುಗ್ಗಿಯಲ್ಲಿ ನಮ್ಮ ಅಂಗಡಿಯ ಹಮಾಲನೊಬ್ಬ ಒಂದು ತಿಂಗಳಿಗೂ ಮೀರಿ ಕೆಮ್ಮುತ್ತಿದ್ದರೂ ಯಾರಿಗೂ ಅದು ಬೇರೆಯೆನ್ನಿಸಲಿಲ್ಲ. ನಾನು ಒಮ್ಮೆ ಕೆಮ್ಮಿನ ಔಷಧದ ಬಾಟಲಿ ತರಿಸಿಕೊಟ್ಟು, ದಯೆ ತೋರಿದೆನೆಂದು ಸಮಾಧಾನಪಟ್ಟೆ. ಎರಡು ದಿನ ಮನೆಯಲ್ಲಿರು ಎಂದೂ ಹೇಳಿದ್ದೆ. ಆದರೆ ಹಮಾಲನ ದುಡಿಮೆ ಚೀಲದ ಲೆಕ್ಕದ್ದು. ಹೊತ್ತರೆ ಕೂಲಿ, ಹೊರದಿದ್ದರೆ ಇಲ್ಲ. ಸುಗ್ಗಿಯ ನಾಲ್ಕೈದು ತಿಂಗಳ ಗಳಿಕೆಯಲ್ಲಿ ಅವನ ಮನೆಯ ವರ್ಷ ಸಾಗಬೇಕು. ಕೂಲಿಯ ಮಾತೆತ್ತದೆ ವಿಶ್ರಾಂತಿಯ ಮಾತಾಡಿದ ನಾನು ಅವನಿಗೆ ಏನನ್ನು ಕೊಟ್ಟಂತಾಯಿತು? ಐದನೆಯ ಅತಿಚಾರವಾದ ಅನ್ನಪಾನನಿರೋಧ ಬಾಗಿಲಲ್ಲಿ ನಿಂತಿರುವಾಗ ಯಾವ ಬಡವನೂ ಮಲಗಲಾರನು.

ಕೊನೆಗೆ ಕಫದಲ್ಲಿ ರಕ್ತ ಕಂಡಾಗ ಸರ್ಕಾರಿ ಆಸ್ಪತ್ರೆಗೆ ಹೋದನು. ಕ್ಷಯವೆಂದು ತಿಳಿಯಿತು. ಅವನೊಡನೆ ಒಂದೇ ಕೋಣೆಯಲ್ಲಿ ಮಲಗುತ್ತಿದ್ದ ಇನ್ನೊಬ್ಬ ಹಮಾಲನಿಗೂ ಅದು ಇತ್ತು. ಎರಡು ವಾರ ಮೀರಿದ ಯಾವ ಕೆಮ್ಮಿಗೂ ಕಫ ಪರೀಕ್ಷೆ ಮಾಡಿಸಬೇಕೆಂಬ ಸಾಮಾನ್ಯ ನಿಯಮವನ್ನು ಅಂದು ಅಲ್ಲಿನ ವೈದ್ಯರು ನನಗೆ ತಿಳಿಸಿದರು. ಪರೀಕ್ಷೆಯೂ ಔಷಧವೂ ಉಚಿತ. ಆ ಕಾಲದ ಪದ್ಧತಿಯಂತೆ ವಾರಕ್ಕೆ ಮೂರು ದಿನ ಮಾತ್ರೆ ನುಂಗಿ ಇಬ್ಬರೂ ಗುಣಮುಖರಾದರು. ಆದರೆ ಮೊದಲಿನವನಿಗೆ ಚೀಲ ಎತ್ತುವ ಶಕ್ತಿ ಮರಳಲಿಲ್ಲ. ಈಗ ಅವನು ನಮ್ಮಲ್ಲಿಯೇ ಚೀಲದ ಬಾಯಿ ಹೊಲಿಯುತ್ತಾನೆ. ದಿನವೂ ನನ್ನ ಕಣ್ಣೆದುರು ಇರುತ್ತಾನೆ.

ರಜೆ ತೆಗೆದುಕೊಳ್ಳಬೇಕೇ ಬೇಡವೇ ಎಂಬ ನಿರ್ಧಾರ ರೋಗಿಯದೆಂದು ನಾವು ಭಾವಿಸುತ್ತೇವೆ. ನನ್ನ ಅನುಭವದಲ್ಲಿ ಅದು ಬಹುತೇಕ ಯಜಮಾನನದು. ಮಲಗಿದರೆ ಕೂಲಿ ಹೋಗುತ್ತದೆ, ಕೇಳಿದರೆ ಮುಖ ಗಂಟಾಗುತ್ತದೆ ಎಂಬ ಕಡೆ ನೌಕರನು ನಿರ್ಧರಿಸುವುದಾದರೂ ಏನನ್ನು? ೧೯೬೧ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ, ದುಡಿದ ದಿನಗಳಿಗೆ ತಕ್ಕಂತೆ ದೊರೆಯುವ ರಜೆಯಲ್ಲದೆ, ಕಾಯಿಲೆ, ಅಪಘಾತ ಅಥವಾ ಇತರ ಯುಕ್ತ ಕಾರಣಕ್ಕಾಗಿ ವರ್ಷಕ್ಕೆ ೧೨ ದಿನಗಳವರೆಗೆ ವೇತನಸಹಿತ ರಜೆ ಕೊಡಬೇಕೆಂದಿದೆ. ವಾಣಿಜ್ಯಶಾಸ್ತ್ರ ಓದಿದ ನನಗೆ ಆ ಕಲಮು ತಿಳಿದಿತ್ತು. ನನ್ನ ಗುಮಾಸ್ತನಿಗೆ ತಿಳಿದಿರಲಿಲ್ಲ. ನಾನೂ ಹೇಳಿರಲಿಲ್ಲ.

'ಇತರ ಯುಕ್ತ ಕಾರಣ' ಎಂಬ ಮಾತಿನ ಬೆಲೆಯೂ ನನಗೆ ತಡವಾಗಿ ತಿಳಿಯಿತು. ಒಮ್ಮೆ ನಮ್ಮ ಕಿರಿಯ ಗುಮಾಸ್ತ ಹೊಟ್ಟೆನೋವೆಂದು ರಜೆ ಪಡೆದನು. ಅಂದೇ ಧಾರವಾಡದ ಬಸ್ ನಿಲ್ದಾಣದಲ್ಲಿ ನನಗೆ ಎದುರಾದನು. ಕೈಯಲ್ಲಿ ಯಾವುದೋ ನೌಕರಿ ಪರೀಕ್ಷೆಯ ಪ್ರವೇಶಪತ್ರ. ಅವನ ಮುಖ ಬಾಡಿತು, ನನಗೆ ಕೋಪ ಬಂದಿತು. ಸುಳ್ಳು ಅವನದೇ, ಸಂಶಯವಿಲ್ಲ. ಆದರೆ ಕಾಯಿಲೆಯ ಹೆಸರಿನಲ್ಲಲ್ಲದೆ ಒಂದು ದಿನವೂ ಸಿಗದೆಂಬ ಸ್ಥಿತಿಯನ್ನು ಕಟ್ಟಿದವನು ನಾನು. ಸತ್ಯ ಹೇಳಿದವನಿಗೆ ಬಾಗಿಲು ಮುಚ್ಚಿ, ಸುಳ್ಳು ಹೇಳಿದವನಿಗೆ ತೆರೆಯುವ ಅಂಗಡಿಯಲ್ಲಿ ಸತ್ಯಾಣುವ್ರತದ ಬೋಧನೆ ಯಾರಿಗೆ ರುಚಿಸೀತು? ಇಂದು ನಮ್ಮಲ್ಲಿ ಕಾರಣ ಕೇಳದೆ ರಜೆ ಕೊಡುವ ಪದ್ಧತಿ ಇದೆ. ಹಿಂದಿನ ಸಂಜೆಯೊಳಗೆ ತಿಳಿಸಬೇಕು, ಕಾಯಿಲೆಯಾದರೆ ಬೆಳಿಗ್ಗೆ ತಿಳಿಸಿದರೂ ಸಾಕು. ಹಮಾಲರು ನಮ್ಮ ವೇತನಪಟ್ಟಿಯಲ್ಲಿಲ್ಲದ ಕಾರಣ ಅವರಿಗಾಗಿ ಪ್ರತಿ ಸುಗ್ಗಿಯ ದಲಾಲಿಯಿಂದ ಒಂದು ಪಾಲನ್ನು 'ಜಡ್ಡಿನ ಖಾತೆ'ಗೆ ಜಮಾ ಮಾಡುತ್ತೇವೆ. ಜ್ವರದಿಂದ ಮಲಗಿದವನಿಗೆ ಅರ್ಧ ದಿನದ ಕೂಲಿ ಅದರಿಂದ ಹೋಗುತ್ತದೆ. ಅರ್ಧ ಸಾಲದೆಂದು ನನಗೂ ಗೊತ್ತು. ಇದನ್ನು ನಾನು ದಾನದ ಖಾತೆಗೆ ಬರೆದಿಲ್ಲ. ಇದು ಋಣ.

ಇನ್ನು ಆ ತರುಣನಂಥವರ ಪ್ರಶ್ನೆ. ಬೆಳಗಿನ ಸಾಮಾಯಿಕದ ಶಾಂತಿಯಲ್ಲಿ ಮೂರು ಮಾತುಗಳನ್ನು ತನಗೆ ತಾನೇ ಕೇಳಿಕೊಂಡರೆ ಉತ್ತರ ಬಹುಮಟ್ಟಿಗೆ ದೊರೆಯುತ್ತದೆ. ಮೊದಲನೆಯದು: ಇಂದು ನನ್ನ ಕೈಯಿಂದ ತಪ್ಪಾದರೆ ಯಾರ ಗಂಟು ಹೋಗುತ್ತದೆ? ಲೆಕ್ಕ ಬರೆಯುವವನು, ವಾಹನ ನಡೆಸುವವನು, ಔಷಧ ಕೊಡುವವನು ಈ ಮಾತನ್ನು ಹೆಚ್ಚು ಕಟ್ಟುನಿಟ್ಟಾಗಿ ಕೇಳಿಕೊಳ್ಳಬೇಕು. ನಿದ್ದೆ ತರುವ ಮಾತ್ರೆ ನುಂಗಿದ್ದರಂತೂ ಎರಡನೆಯ ಯೋಚನೆಯೇ ಬೇಡ. ಎರಡನೆಯದು: ನನ್ನ ರೋಗ ಪಕ್ಕದವನಿಗೆ ಅಂಟುವುದೇ? ೨೦೨೦ರ ಮಹಾಮಾರಿ ಇದನ್ನು ಲೋಕಕ್ಕೆಲ್ಲ ಕಲಿಸಿತು, ನಾವು ಬೇಗನೆ ಮರೆತೆವು. ಮಾತ್ರೆಯಿಂದ ಇಳಿದ ಜ್ವರ ವಾಸಿಯಾದ ಜ್ವರವಲ್ಲ. ಮಾತ್ರೆಯಿಲ್ಲದೆ ಒಂದು ಹಗಲು ಒಂದು ರಾತ್ರಿ ಜ್ವರ ಬಾರದಿದ್ದರೆ ಮಾತ್ರ ಹೊರಡಬೇಕು. ಮೂರನೆಯದು: ನಾನು ಹೋಗದಿದ್ದರೆ ನನ್ನ ಭಾರ ಯಾರ ಹೆಗಲಿಗೆ ಬೀಳುತ್ತದೆ? ಇದು ರಜೆ ಬೇಡವೆನ್ನಲು ಅಲ್ಲ, ಬೇಗ ತಿಳಿಸಿ, ಬೀಗದ ಕೈ, ಕಾಗದಗಳನ್ನು ಒಪ್ಪಿಸಿ ಮಲಗಲು. ಈ ಮೂರಕ್ಕೂ ಬಾಧೆಯಿಲ್ಲದೆ ಕೇವಲ ಮನಸ್ಸು ಬೇಸತ್ತಿದ್ದರೆ, ಅದನ್ನು ಕಾಯಿಲೆಯೆನ್ನದೆ ಬೇಸರವೆಂದೇ ಹೇಳಿ ರಜೆ ಕೇಳಬೇಕು. ಷೋಡಶ ಭಾವನೆಗಳಲ್ಲಿ ತಪಸ್ಸನ್ನೇ 'ಶಕ್ತಿತಃ', ಶಕ್ತಿಗೆ ತಕ್ಕಂತೆ ಎಂದು ಹೇಳಿರುವಾಗ, ಕಚೇರಿಯ ಕೆಲಸಕ್ಕೆ ಅದಕ್ಕಿಂತ ಕಠಿಣ ನಿಯಮವೇಕೆ?

ಬಸದಿಗಳ ಟ್ರಸ್ಟಿನ ಬಂಧುಗಳಲ್ಲಿ ಒಂದು ವಿನಂತಿ. ಮಾಗಿಯ ಚಳಿಯಲ್ಲಿ ನಸುಕಿಗೆ ತಣ್ಣೀರಿನಲ್ಲಿ ಮಿಂದು, ಒದ್ದೆ ಪಂಚೆಯಲ್ಲಿ ಬಾಗಿಲು ತೆಗೆಯುವ ಉಪಾಧ್ಯೆಯವರಿಗೆ ಜ್ವರ ಬರುವುದಿಲ್ಲವೇ? ಅಭಿಷೇಕ ನಿಲ್ಲಬಾರದೆಂಬ ಭಯದಿಂದ ಅವರು ಹೇಳುವುದಿಲ್ಲ. ನಾವು ಕೇಳುವುದಿಲ್ಲ. ನಮ್ಮ ಊರಿನಲ್ಲಿ ನಾಲ್ಕು ಮನೆಯ ತರುಣರು ನಿತ್ಯಪೂಜೆಯ ವಿಧಿಯನ್ನು ಕಲಿತು ಸರದಿಯಲ್ಲಿ ಸಿದ್ಧರಿದ್ದಾರೆ. ಶ್ರಾವಕನು ತಾನೇ ಪೂಜೆ ಮಾಡುವುದು ನಮ್ಮಲ್ಲಿ ಹೊಸತಲ್ಲ. ಅಂತರಂಗ ತಪಸ್ಸಿನಲ್ಲಿ ವೈಯಾವೃತ್ಯವನ್ನು ಹೇಳುವಾಗ ಸೇವೆಗೆ ಪಾತ್ರರಾದವರ ಪಟ್ಟಿಯಲ್ಲಿ 'ಗ್ಲಾನ', ಅಂದರೆ ರೋಗಪೀಡಿತ, ಮುನಿಯನ್ನು ಹೆಸರಿಸಿದ್ದಾರೆ. ಆ ಭಾವವನ್ನು ನಮ್ಮ ಅಂಗಳದವರೆಗೆ ತರುವುದರಲ್ಲಿ ತಪ್ಪಿಲ್ಲ.

ಇಷ್ಟನ್ನೂ ಅಂದು ಆ ತರುಣನಿಗೆ ಹೇಳಿದೆ. ಅವನು ಕೇಳಿ, "ಹಂಗಾದ್ರ ಈಗ ನಿಮ್ಮ ಅಂಗಡ್ಯಾಗ ರಜಾ ಕೇಳಾಕ ಯಾರಿಗೂ ಹೆದರಿಕಿ ಇಲ್ಲೇನ್ರಿ ಕಾಕಾ?" ಎಂದನು. ಇಲ್ಲವೆಂದು ಹೇಳಹೊರಟು ತಡೆದೆ. ಮರುದಿನ ಹಿರಿಯ ಗುಮಾಸ್ತನನ್ನೇ ಕೇಳಿದೆ. ಮೂವತ್ತು ವರ್ಷ ನನ್ನೊಡನೆ ದುಡಿದವನು. ತಲೆ ತಗ್ಗಿಸಿ ನಕ್ಕು ಹೇಳಿದನು: "ಕೇಳಾಕ ಹೆದರಿಕಿ ಇಲ್ರಿ ಸಾವ್ಕಾರ್ರ. ಆದ್ರ ನೀವು ಜ್ವರಾ ಬಂದು ಮನ್ಯಾಗ ಮಲಗಿದ್ದು ನಾವು ಒಂದ್ಸಲನೂ ನೋಡಿಲ್ರಿ. ಅದಕ್ಕ ನಮಗೂ ಮಲಗಾಕ ಕಾಲ ಬರೂದಿಲ್ಲ."

ದೀಪಾವಳಿ ಕಳೆದು ಹದಿನೈದು ದಿನಕ್ಕೆ ನನಗೆ ಜ್ವರ ಬಂದಿತು. ಕೀಲಿಕೈಯನ್ನು ಅವನಿಗೆ ಕಳುಹಿಸಿ ಎರಡು ದಿನ ಮನೆಯಲ್ಲಿ ಮಲಗಿದೆನು. ಅಂಗಡಿ ಎಂದಿನ ಹೊತ್ತಿಗೆ ತೆರೆಯಿತು.